ಸ್ಟೀಲ್ ಪಾತ್ರೆ ಗಾಡಿಯಲ್ಲಿ ವೈಕಿಂಗರು

ಕೊಟ್ಟೂರಿನಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಮಾವನವರು ತೆರೆದಾಗಿನಿಂದಲೂ ಬೋರ್ಡಿನ ಮೇಲೆ ‘ಮೆಟಲ್ ಸ್ಟೋರ್ಸ್’ ಎಂದೇ ಇದೆ. ಹೀಗಾಗಿ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಹೊಸ ನಮೂನೆಯ ಡಬರಿಗಳು ಎಲ್ಲಿ ಸಿಗುತ್ತವೆ ನೋಡೋಣವೆಂದು ನಾನು ಫೋನಿನಲ್ಲಿ ‘ಮೆಟಲ್’ ಎಂದು ಹುಡುಕಿದೆ. ಡಬರಿ ಬರಲಿಲ್ಲ. ಕಪ್ಪು ಬಂಡೆಯ ಮೇಲೆ ನಿಂತ ಗಡ್ಡದವರ ಒಂದು ಗುಂಪು ಬಂತು. ಹೆಗಲ ಮೇಲೆ ಕುರಿಯ ತೊಗಲು, ಹಿಂದೆ ಸಮುದ್ರ, ಮಂಜು. ಗಡ್ಡಕ್ಕೆ ಜಡೆ ಹೆಣೆದುಕೊಂಡಿದ್ದರು. ನಮ್ಮ ಊರಿನ ಹುಡುಗಿಯರು ಶಾಲೆಗೆ ಹೋಗುವಾಗ ಹೆಣೆಯುತ್ತಾರಲ್ಲ, ಅಷ್ಟೇ ಬಿಗಿಯಾಗಿ, ಅಷ್ಟೇ ನೀಟಾಗಿ. ಒಬ್ಬ ಪಿಟೀಲು ನುಡಿಸುತ್ತಿದ್ದ. ಇನ್ನೊಬ್ಬ ಕೈಹೊಲಿಗೆ ಯಂತ್ರ ತಿರುವಿದಂತೆ ಮರದ ಪೆಟ್ಟಿಗೆಯೊಂದರ ಹಿಡಿಕೆ ತಿರುಗಿಸುತ್ತ ಅದರ ತಂತಿಗಳನ್ನು ನರಳಿಸುತ್ತಿದ್ದ. ಅಷ್ಟರಲ್ಲಿ ಡ್ರಮ್ಮಿನವನು ಶುರುಮಾಡಿದ.

ಅಟ್ಟದ ಮೇಲಿನ ಪಾತ್ರೆಗಳೆಲ್ಲ ಒಮ್ಮೆಗೇ ಉರುಳಿಬಿದ್ದಂತಾಯಿತು. ಗಾಬರಿಯಿಂದ ತಲೆಯೆತ್ತಿ ನೋಡಿದೆ. ಪಾತ್ರೆಗಳು ಇದ್ದಲ್ಲೇ ಇದ್ದವು. ಸೌಂಡ್ ಕಡಿಮೆ ಮಾಡಿದೆ. ಅರೆಗಳಿಗೆ ಬಿಟ್ಟು ಜಾಸ್ತಿ ಮಾಡಿದೆ. ಹಾಡು ಮುಗಿದಾಗ ನನ್ನ ಕೈಯಲ್ಲಿದ್ದ ಸೌಟು ಗಲ್ಲಾಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಅದನ್ನು ಯಾವಾಗ ಎತ್ತಿಕೊಂಡೆನೋ ನನಗೇ ಗೊತ್ತಿರಲಿಲ್ಲ.

ಆಮೇಲೆ ತಿಳಿಯಿತು, ಇದನ್ನು ವೈಕಿಂಗ್ ಮೆಟಲ್ ಅನ್ನುತ್ತಾರೆ, ಹಳ್ಳಿ ಹಾಡು ಬೆರೆಸಿದರೆ ಫೋಕ್ ಮೆಟಲ್ ಅನ್ನುತ್ತಾರೆ ಅಂತ. ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿಯಾದದ್ದು ಆ ಹಾಡುಗಳು ಇಂಗ್ಲಿಷಿನಲ್ಲಿ ಇಲ್ಲದಿರುವುದು. ಇಂಗ್ಲಿಷ್ ಹಾಡು ಕೇಳಿದಾಗಲೆಲ್ಲ ನನಗೆ ಶಾಲೆಯ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಗುತ್ತದೆ. ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ನಾಚಿಕೆಯಾಗುತ್ತದೆ. ಇವರಾದರೋ ನಾರ್ವೆಯವರು ನಾರ್ವೆಯ ಮಾತಿನಲ್ಲಿ, ಐಸ್‌ಲ್ಯಾಂಡಿನವರು ಐಸ್‌ಲ್ಯಾಂಡಿನ ಮಾತಿನಲ್ಲಿ, ಫಿನ್‌ಲ್ಯಾಂಡಿನವರು ತಮ್ಮದರಲ್ಲಿ. ಕೊಟ್ಟೂರಿನಲ್ಲಿ ಅದು ಯಾರಿಗೂ ಬರುವುದಿಲ್ಲ. ನನಗೆ ಬಾರದಿದ್ದರೆ ಅವಮಾನವೇನು? ಮೊದಲ ಸಲ ನಾನು ಒಂದು ಪರಭಾಷೆಯ ಮುಂದೆ ಕಾಲು ಚಾಚಿ ಕೂತಿದ್ದೆ.

ಅಂಗಡಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವುದು ಅಭ್ಯಾಸವಾಯಿತು. ಒಂದು ದಿನ ತಂಬಿಗೆ ಕೊಳ್ಳಲು ಬಂದ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸಿ ನೋಡಿ ಕೇಳಿದಳು:

“ಯಾಕವ್ವ, ಕುತ್ತಿಗಿ ಹಿಡಕೊಂಡೈತೇನು? ಆವಾಗಿಂದ ತಲಿ ಹಿಂದ ಮುಂದ ಆಡಸಾಕತ್ತೀಯಲ್ಲ?”

ಹೌದು ಎಂದೆ. ಬೇರೆ ಏನು ಹೇಳಲಿ? ಆಕೆ ಮಾರನೆಯ ದಿನ ಒಂದು ಸೀಸೆ ಎಣ್ಣೆ ತಂದುಕೊಟ್ಟಳು. ಪಾಪ, ಒಳ್ಳೆಯ ಹೆಂಗಸು. ಎಣ್ಣೆಯೂ ಒಳ್ಳೆಯದಿತ್ತು, ಮುಂದೆ ನನಗೆ ನಿಜವಾಗಿಯೂ ಬೇಕಾಯಿತು.

ಸಂತೆಗಳಿಗೆ ಪಾತ್ರೆ ಒಯ್ಯುವವಳು ನಾನೇ. ಮಾವ ಮತ್ತು ನಮ್ಮ ಯಜಮಾನರು ಅಂಗಡಿ ನೋಡಿಕೊಂಡರೆ, ನಾನು ಲಗೇಜ್ ಗಾಡಿ ಓಡಿಸಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತುತ್ತೇನೆ. ಪಕ್ಕದ ಸೀಟಿನಲ್ಲಿ ಅತ್ತೆ. ಅವರಿಗೆ ಗಿರಾಕಿಯನ್ನು ದೂರದಿಂದಲೇ ಗುರುತಿಸುವ ಕಣ್ಣು, ಬಾಯಿ ತುಂಬ ಸೋಬಾನೆ ಪದ. ಮದುವೆ, ಕುಬಸ, ತೊಟ್ಟಿಲು ಅಂದರೆ ನಮ್ಮ ಓಣಿಯವರು ಮೊದಲು ಅವರನ್ನೇ ಕರೆಯುವುದು.

ಅತ್ತೆಯ ಎದುರಿಗೆ ನಾನು ಆ ಹಾಡು ಹಚ್ಚಿರಲಿಲ್ಲ. ಹಿರಿಯರ ಮುಂದೆ ಹಾಗೆ ಕೂಗುವವರನ್ನು ತಂದು ನಿಲ್ಲಿಸುವುದು ಹೇಗೆ? ಆದರೆ ಒಂದು ಬೆಳಿಗ್ಗೆ ಕೂಡ್ಲಿಗಿ ದಾರಿಯಲ್ಲಿ ಫೋನು ತಾನಾಗಿ ಗಾಡಿಯ ಸ್ಪೀಕರಿಗೆ ಸೇರಿಕೊಂಡುಬಿಟ್ಟಿತು. ಶುರುವಾದದ್ದು ಎಂಥದ್ದು ಅಂತೀರಿ, ಗುಹೆಯೊಳಗಿಂದ ಕರಡಿ ಎದ್ದುಬಂದಂತೆ ಗಂಟಲಲ್ಲೇ ಗುಟುರು ಹಾಕುವವನು! ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

“ಇವಗ ಏನಾಗೇತಬೇ?”

“ಹಾಡಾಕತ್ಯಾನ್ರಿ ಅತ್ತಿ.”

“ಇದು ಹಾಡಾ? ಗಂಟ್ಲಾಗ ಏನೋ ಸಿಕ್ಕಂಡೈತಿ ಅವಗ. ಮೆಣಸಿನ ಕಷಾಯ ಕುಡಿಯಾಕ ಹೇಳು.”

ನಾನು ಆಫ್ ಮಾಡಲು ಕೈಚಾಚಿದೆ. ಅತ್ತೆ ನನ್ನ ಕೈ ಹಿಡಿದರು. ಆ ಹೊತ್ತಿಗೆ ಗುಟುರು ನಿಂತು ಪಿಟೀಲು ಬಂದಿತ್ತು. ಅದರ ಹಿಂದೆಯೇ ಗುಂಪೆಲ್ಲ ಒಂದೇ ದನಿಯಲ್ಲಿ ಎತ್ತಿಕೊಂಡಿತ್ತು. ಅತ್ತೆ ಬಾಯಲ್ಲಿ ಎಲೆ ಇಟ್ಟುಕೊಂಡೇ ಕೇಳಿದರು. ಹಿಂದೆ ಪಾತ್ರೆಗಳು ಗುಂಡಿ ಸಿಕ್ಕಾಗಲೆಲ್ಲ ಝಲ್ಲೆನ್ನುತ್ತಿದ್ದವು.

“ಒಬ್ಬ ಹೇಳ್ತಾನ, ಉಳಿದವ್ರು ಎತ್ತಿಕೊಂತಾರ. ಹಿಂದಿನ ಸೊಲ್ಲು ನಮ್ಮಂಗ ಐತಲ್ಲೇ!” ಅಂದರು. “ಇನ್ನೊಮ್ಮೆ ಹಚ್ಚು. ಆ ಗಂಟ್ಲು ಕೆಟ್ಟೋನ ಬಿಟ್ಟು ಹಚ್ಚು.”

ಕೂಡ್ಲಿಗಿ ಮುಟ್ಟುವ ಹೊತ್ತಿಗೆ ಅತ್ತೆ ಗಂಟಲು ಕೆಟ್ಟವನನ್ನೂ ಬಿಡುವುದು ಬೇಡ ಅನ್ನುತ್ತಿದ್ದರು. “ಇರ್ಲಿ ಬಿಡು. ಅವ ಹೆದರಿಸ್ತಾನ, ಇವ್ರು ಸಮಾಧಾನ ಮಾಡ್ತಾರ. ಇಬ್ರೂ ಬೇಕು.”

ಅಲ್ಲಿಂದ ನಮ್ಮಿಬ್ಬರ ಸಂತೆಯ ಪಯಣದ ರಂಗೇ ಬೇರೆಯಾಯಿತು. ಅತ್ತೆಗೆ ಎಲ್ಲದರ ಅರ್ಥ ಬೇಕು. ನನಗೆ ಅರ್ಥ ಬೇಡದ ಸುಖ ಗೊತ್ತಾಗಿತ್ತು, ಅವರಿಗೆ ಅದು ಒಪ್ಪಿಗೆಯಿಲ್ಲ. ಗಾಡಿ ನಿಂತಾಗೆಲ್ಲ ನಾನು ಹಾಡಿನ ಸಾಲುಗಳನ್ನು ಫೋನಿಗೆ ಕೊಟ್ಟು ಕನ್ನಡ ಮಾಡಿಸಬೇಕು. ಫೋನಿನ ಕನ್ನಡವೋ, ದೇವರಿಗೇ ಪ್ರೀತಿ. ‘ನನ್ನ ಕೊಡಲಿ ಈ ದಿನ ಸಂತೋಷವಾಗಿದೆ. ತೋಳವು ತನ್ನ ಚಳಿಗಾಲವನ್ನು ಧರಿಸಿಕೊಂಡಿದೆ’ ಎಂದು ನಾನು ಗಟ್ಟಿಯಾಗಿ ಓದಿದರೆ, ಅತ್ತೆ ಮುಖ ಗಂಭೀರ ಮಾಡಿಕೊಂಡು “ಹಾಂ, ಒಗಟು ಹೇಳ್ಯಾನ” ಅನ್ನುತ್ತಿದ್ದರು.

ವೈಕಿಂಗರು ಅಂದರೆ ಯಾರು ಎಂದು ಕೇಳಿದರು. ಸಾವಿರ ವರ್ಷದ ಕೆಳಗೆ ಉತ್ತರದ ಸಮುದ್ರದಲ್ಲಿ ಉದ್ದನೆಯ ಹಡಗು ಮಾಡಿಕೊಂಡು ದೇಶ ದೇಶಕ್ಕೆ ಹೋಗುತ್ತಿದ್ದವರು ಎಂದೆ.

“ವ್ಯಾಪಾರಕ್ಕ ಹೋಗ್ತಿದ್ರೋ, ಕೊಳ್ಳಿ ಹೊಡಿಯಾಕ ಹೋಗ್ತಿದ್ರೋ?”

“ಎರಡಕ್ಕೂ ಅಂತ್ರಿ.”

“ಹಂಗಂದ್ರ ಸಂತಿ ವ್ಯಾಪಾರದವ್ರ ಬಿಡು” ಎಂದು ಬಿದ್ದು ಬಿದ್ದು ನಕ್ಕರು. ಆವತ್ತು ಹಗರಿಬೊಮ್ಮನಹಳ್ಳಿಯಲ್ಲಿ ಗಿರಾಕಿಗಳು ಬಂದಾಗೆಲ್ಲ ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ನನಗೆ ತೂಕದ ಬಟ್ಟು ಕೈಯಲ್ಲಿ ನಿಲ್ಲದಷ್ಟು ನಗು.

ಫಿನ್‌ಲ್ಯಾಂಡಿನ ಹಾಡುಗಳು ಬಂದ ಮೇಲಂತೂ ಅತ್ತೆಯನ್ನು ಹಿಡಿಯುವವರೇ ಇಲ್ಲ. ಆ ಭಾಷೆಯಲ್ಲಿ ಮಾತುಗಳು ನಮ್ಮವುಗಳಂತೆಯೇ ಬಹಳ ಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಒತ್ತಕ್ಷರಗಳೂ ನಮ್ಮ ಹಳ್ಳಿ, ಕಲ್ಲು, ಅಕ್ಕನ ಹಾಗೆ ನಾಲಿಗೆಯ ಮೇಲೆ ಕೂರುತ್ತವೆ. ‘ಪೂ’ ಅಂದರೆ ಅವರಿಗೆ ಮರ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಹಳಗನ್ನಡದ ‘ಪೂ’ ಅಂದರೆ ಹೂವು ಎಂದು ಬೋರ್ಡಿನ ಮೇಲೆ ಬರೆದದ್ದು ನೆನಪಾಗಿ ನಾನು ಒಬ್ಬಳೇ ಪುಳಕಗೊಂಡೆ. ಸಂಬಂಧ ಏನೂ ಇಲ್ಲ ಅಂತ ಗೊತ್ತು. ಆದರೂ ಅಷ್ಟು ದೂರದ ಹಿಮದೊಳಗೆ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು.

ಹಡಗಲಿ ದಾರಿಯಲ್ಲಿ ಒಂದು ನಿಧಾನದ ಹಾಡು ಬಂತು. ಹಾಡುವವಳು ಹೆಂಗಸು. ಪ್ರತಿ ಸಾಲಿನ ಕೊನೆಗೆ ಬಾಯಿ ಅಗಲಿಸಿ ‘ಆ್ಯಯ್ತಿ, ಆ್ಯಯ್ತಿ’ ಎಂದು ಎಳೆಯುತ್ತಿದ್ದಳು.

ಅತ್ತೆ ಸೀಟಿನಲ್ಲೇ ಎದ್ದು ಕೂತರು. “ಐತಿ ಅಂದ್ಲಲ್ಲೇ! ಐತಿ ಐತಿ ಅನ್ನಾಕತ್ತಾಳ! ಏನೈತಂತ ಕೇಳು!”

ರಸ್ತೆ ಬದಿ ಗಾಡಿ ನಿಲ್ಲಿಸಿ ನೋಡಿದೆ. ಆ ಮಾತಿಗೆ ಅರ್ಥ ‘ಅವ್ವ’ ಎಂದಿತ್ತು.

ಬಿಸಿಲು ಗಾಜಿನೊಳಗಿಂದ ಅತ್ತೆಯ ಮಡಿಲ ಮೇಲೆ ಬಿದ್ದಿತ್ತು. “ಬರೋಬ್ಬರಿ ಐತಿ ಬಿಡು” ಅಂದರು. “ಅವ್ವ ಇದ್ರ ಎಲ್ಲಾ ಐತಿ, ಇಲ್ಲಂದ್ರ ಏನೈತಿ?” ಮತ್ತೆ ಮರುಗಳಿಗೆಯೇ ಆ ಹೆಂಗಸಿನ ಜೊತೆ ಸೇರಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಎದುರು ಬಂದ ಕುರಿ ಹಿಂಡಿಗೆಲ್ಲ ಕೇಳುವ ಹಾಗೆ “ಐತೀ, ಐತೀ” ಎಂದು ಹಾಡಿದರು. ಕುರಿಗಳ ಹಿಂದೆ ಬರುತ್ತಿದ್ದವನು ನಿಂತು, ಏನೋ ಕಳಕೊಂಡಿದ್ದು ಸಿಕ್ಕಿರಬೇಕು ಎಂದು ತಿಳಿದು, “ಐತಾ? ಛಲೋ ಆತು ಬಿಡಬೇ!” ಎಂದು ಕೂಗಿದ. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕೆ. ಬಹಳ ಹೊತ್ತು ಗಾಡಿ ಓಡಿಸುವ ಹಾಗಿರಲಿಲ್ಲ.

ಉತ್ತರದ ಸಮುದ್ರದ ನಡುವಿನ ಫೇರೋ ದ್ವೀಪದವರ ವಿಡಿಯೊ ತೋರಿಸಿದ್ದು ಹಡಗಲಿ ಸಂತೆಯಲ್ಲಿ, ವ್ಯಾಪಾರ ತಣ್ಣಗಾದಾಗ. ಅಲ್ಲಿ ಹಳೆಯ ಕಥೆಯ ಪದವನ್ನು ಒಬ್ಬ ಹೇಳುತ್ತಾನೆ. ಮಿಕ್ಕವರು ಕೈಕೈ ಹಿಡಿದು, ಸುತ್ತು ಕಟ್ಟಿ, ನೆಲ ಮೆಟ್ಟುತ್ತ ಸೊಲ್ಲು ಎತ್ತುತ್ತಾರೆ. ಅದನ್ನೇ ಅವರ ಮೆಟಲ್ ಹುಡುಗರು ಗಿಟಾರಿಗೆ ಹಾಕಿಕೊಂಡಿದ್ದಾರೆ. ಆ ದೇಶದಲ್ಲಿರುವ ಎಲ್ಲರನ್ನೂ ಕೂಡಿಸಿದರೂ ನಮ್ಮ ಒಂದು ತಾಲ್ಲೂಕಿನ ಜನವಾಗುವುದಿಲ್ಲ ಎಂದು ಹೇಳಿದಾಗ ಅತ್ತೆಗೆ ನಂಬಿಕೆ ಬರಲಿಲ್ಲ.

“ಇಷ್ಟ ಮಂದಿ ಇದ್ದು ತಮ್ಮ ಮಾತಿನ್ಯಾಗ ಇಷ್ಟು ಜೋರು ಹಾಡ್ತಾರಾ?”

“ಹೌದ್ರಿ.”

“ಮತ್ತ ನಾವ್ಯಾಕ ಸಣ್ಣ ದನಿ ಮಾಡಬೇಕು?”

ಹೀಗೆಂದವರೇ ಒಂದು ಹೊಸ ಕೊಡವನ್ನು ಬೋರಲು ಹಾಕಿ ಬಡಿಯತೊಡಗಿದರು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ನಾನು ಅಗಲವಾದ ಪರಾತ ಎತ್ತಿಕೊಂಡೆ. ಫೋನಿನಲ್ಲಿ ದ್ವೀಪದವರು ಮೆಟ್ಟುತ್ತಿದ್ದರೆ ಇಲ್ಲಿ ನಾವು ಬಡಿಯುತ್ತಿದ್ದೆವು. ಪಕ್ಕದಲ್ಲಿ ಮಲ್ಲಿಗೆ ಮಾರುವವಳು ಹೂ ಕಟ್ಟುವುದನ್ನು ಬಿಟ್ಟು ಬಂದು, “ಯಾವ ದೇವರ ಪದ ಅತ್ತಿ ಇದು?” ಎಂದು ಕೇಳಿದಳು. “ಸಮುದ್ರದ್ದು” ಎಂದು ಅತ್ತೆ ಹೇಳಿದ್ದಕ್ಕೆ ಕೈಮುಗಿದು, ತಾನೂ ಒಂದು ಬೋಗುಣಿ ತೆಗೆದುಕೊಂಡಳು. ಜನ ಸೇರಿದರು. ಪಾತ್ರೆಯ ದನಿ ಅಷ್ಟು ಗಟ್ಟಿಯಿದ್ದರೆ ಪಾತ್ರೆಯೂ ಗಟ್ಟಿ ಎಂದುಕೊಂಡರೋ ಏನೋ, ನಾವು ಬಡಿದ ಪಾತ್ರೆಗಳನ್ನೇ ಕೇಳಿ ಕೊಂಡುಹೋದರು.

ಈ ಸುದ್ದಿ ಕೊಟ್ಟೂರಿಗೆ ನಮಗಿಂತ ಮೊದಲೇ ಬಂದಿತ್ತು. ನಮ್ಮ ಯಜಮಾನರು ನಾಚಿಕೆ ಸ್ವಭಾವದವರು. ಗಿರಾಕಿಗಳೊಡನೆಯೂ ಪಾತ್ರೆಯನ್ನು ನೋಡಿಕೊಂಡೇ ಮಾತಾಡುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ತಲೆಯೆತ್ತದೆ ಹೇಳಿದರು:

“ನಮ್ಮವ್ವ ಹಡಗಲಿ ಸಂತ್ಯಾಗ ಕೊಡ ಬಡಿದ್ಲಂತ.”

“ಛಲೋ ಬಡಿದೆ” ಅಂದರು ಅತ್ತೆ.

“ಮುಂದಿನ ವಾರ ತಂಗಿ ಕುಬಸ ಐತಿ. ಬೀಗರ ಮನಿ. ಅಲ್ಲಿಗೆ ಆ ಗಡ್ಡದವ್ರನ್ನ ಕರಕೊಂಡು ಬರಬ್ಯಾಡ್ರಿ, ಇಬ್ರಿಗೂ ಕೈ ಮುಗಿತೀನಿ.”

“ಫೋನ್ ಹಚ್ಚಂಗಿಲ್ಲ ಬಿಡಪ್ಪ. ಆತಲ್ಲ?” ಎಂದರು ಅತ್ತೆ. ಅವರು ಅಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಅನುಮಾನ ತಂದಿತು.

ನಾದಿನಿಯನ್ನು ಕೊಟ್ಟದ್ದು ಹಲವಾಗಲಿಗೆ, ಹೊಳೆಯ ದಂಡೆಯ ಊರು. ಚೊಚ್ಚಲ ಬಸಿರಿಗೆ ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಒಯ್ದು ಮಾಡುವ ಶಾಸ್ತ್ರ ಕುಬಸ. ಗಾಡಿಯಲ್ಲಿ ಮುಂದೆ ನಾವಿಬ್ಬರು, ಹಿಂದೆ ಉಡುಗೊರೆಯ ಪಾತ್ರೆ, ಮರುದಿನದ ಸಂತೆಯ ಪಾತ್ರೆಗಳ ನಡುವೆ ಯಜಮಾನರು. ಹರಪನಹಳ್ಳಿ ದಾಟುವವರೆಗೂ ಅವರು ಪಾತ್ರೆಗಳು ಸಪ್ಪಳ ಮಾಡದಂತೆ ಹಿಡಿದುಕೊಂಡೇ ಕೂತಿದ್ದರು.

ಬೀಗರ ಮನೆಯ ಪಡಸಾಲೆ ತುಂಬ ಹೆಂಗಸರು. ನಾದಿನಿ ಹಸಿರು ಸೀರೆಯುಟ್ಟು, ಹೂದಂಡೆ ಮುಡಿದು ಮಣೆಯ ಮೇಲೆ ಕೂತಿದ್ದಳು. ಆದರೆ ಹಾಡು ಏಳುತ್ತಿರಲಿಲ್ಲ. ವಯಸ್ಸಾದವರು ಒಂದೆರಡು ಸೋಬಾನೆ ಹೇಳಿ ದಣಿದರು. ಸಣ್ಣವರಿಗೆ ಬರುವುದಿಲ್ಲ, ಬಂದರೂ ನಾಚಿಕೆ, ಫೋನು ನೋಡುತ್ತ ಕೂತಿದ್ದರು. ನಾದಿನಿಯ ಅತ್ತೆ, ಅಂದರೆ ನಮ್ಮ ಬೀಗಿತಿ, “ನೀವು ಹೇಳ್ರಿ ಬೀಗತೇರ” ಎಂದರು.

ಅತ್ತೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಉಡುಗೊರೆಯ ಕೊಡವನ್ನು ಎಳೆದುಕೊಂಡು ಬೋರಲು ಹಾಕಿದರು. ಫಿನ್‌ಲ್ಯಾಂಡಿನ ಒಂದು ಜೋರು ಹಾಡಿನ ಧಾಟಿ, ಮಾತು ತಮ್ಮದೇ, ಎಲ್ಲಿ ಯಾವಾಗ ಕಟ್ಟಿಕೊಂಡಿದ್ದರೋ:

“ಹಸರ ಸೀರಿ ಉಟ್ಟಾಳ ನಮ್ಮ ಮನಿ ಮಗಳು,
ಹೊಳಿ ಹಂಗ ತುಂಬ್ಯಾಳ, ಹೇ, ತುಂಬಿ ಬಂದಾಳು!”

‘ಹೇ’ ಎಂಬಲ್ಲಿ ನಾನು ಉಡುಗೊರೆಯ ಪರಾತಕ್ಕೆ ಒಂದೇಟು ಬಿಟ್ಟೆ. ಪಡಸಾಲೆ ಬೆಚ್ಚಿತು. ಎರಡನೆಯ ಸಲ ಹೇಳಿದಾಗ ಮೂಲೆಯಲ್ಲಿ ಯಾರೋ ‘ಹೇ’ ಅಂದರು. ಮೂರನೆಯ ಸಲಕ್ಕೆ ಫೋನುಗಳು ಕೆಳಗಿಳಿದವು. ಅತ್ತೆ ಎದ್ದುನಿಂತು ಹುಡುಗಿಯರ ಕೈ ಹಿಡಿದೆಳೆದು ಸುತ್ತು ಕಟ್ಟಿಸಿ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಮೆಟ್ಟಿಸಿದರು. ದ್ವೀಪದವರು ಮೆಟ್ಟುವುದು ಹಾಗೆಯೇ. ತೊಲೆಯ ಮೇಲಿನ ಧೂಳು ಉದುರಿತು. ಬೀಗಿತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಂದೂ ಒಂದು ಕೈ ಹಿಡೀರ್ರೇ!” ಎನ್ನುತ್ತ ಸುತ್ತಿನೊಳಗೆ ನುಗ್ಗಿದರು. ಮಣೆಯ ಮೇಲೆ ಕೂತ ನಾದಿನಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು, “ಅವ್ವಾ, ಒಳಗ ಕೂಸೂ ಒದಿಯಾಕತ್ತೈತಿ!” ಎಂದು ಕೂಗಿದ್ದಕ್ಕೆ ಎಲ್ಲರೂ ಇನ್ನೂ ಜೋರಾಗಿ ಮೆಟ್ಟಿದರು.

ಬಾಗಿಲಲ್ಲಿ ಯಜಮಾನರು ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದರು. ಮುಖ ಗಂಭೀರವಾಗಿಯೇ ಇತ್ತು. ತಟ್ಟೆಯಲ್ಲಿ ಅಡಿಕೆ ಮಾತ್ರ ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು.

ಊಟವಾಗಿ ಬಿಸಿಲು ಇಳಿದ ಮೇಲೆ ಹೊಳೆಗೆ ಹೋದೆವು. ದಂಡೆಯಲ್ಲಿ ಮೀನು ಹಿಡಿಯುವವರೊಬ್ಬರ ಹರಿಗೋಲು ಇತ್ತು. ದೊಡ್ಡ ಬುಟ್ಟಿಯಂಥ ದುಂಡು ದೋಣಿ ಅದು. ಅತ್ತೆ ಕೂತೇ ತೀರುತ್ತೇನೆ ಎಂದರು. ಅವರನ್ನು ಒಬ್ಬರೇ ಬಿಡುವ ಹಾಗಿಲ್ಲವೆಂದು ನಾನೂ, ನಮ್ಮಿಬ್ಬರನ್ನೇ ಬಿಡುವ ಹಾಗಿಲ್ಲವೆಂದು ಯಜಮಾನರೂ ಹತ್ತಿದೆವು. ಯಜಮಾನರಿಗೆ ಈಜು ಬಾರದು, ನೀರೆಂದರೆ ಜೀವ ಹೋಗುತ್ತದೆ. ನಾದಿನಿ ದಂಡೆಯ ಕಲ್ಲಿನ ಮೇಲೆ ಕೂತು ಕೈಬೀಸಿದಳು. ನಾಲ್ಕು ಮಾರು ಹೋಗುವಷ್ಟರಲ್ಲಿ ಹರಿಗೋಲು ತನ್ನ ಸ್ವಭಾವದಂತೆ ಗಿರ್ರನೆ ತಿರುಗಿತು. ಯಜಮಾನರು ಅದರ ಅಂಚನ್ನು ಎರಡೂ ಕೈಯಿಂದ ಅವುಚಿ ಕಣ್ಣು ಮುಚ್ಚಿಕೊಂಡರು.

“ಏನಾಗಂಗಿಲ್ರಿ, ಸುಮ್ನ ಕುಂದರ್ರಿ” ಎಂದ ಹರಿಗೋಲಿನವನು.

“ಏನರ ಹಚ್ಚಲೇ!” ಎಂದು ಯಜಮಾನರು ನನಗೆ ಕೂಗಿದರು. “ಫೋನಿನ್ಯಾಗ ಏನರ ಹಚ್ಚು, ನನಗ ನೀರಿನ ಸಪ್ಪಳ ಕೇಳಾಕ ಆಗವಲ್ದು! ಆ ಹಡಗಿಂದು ಹಚ್ಚು, ಪಿಟೀಲು ಬರತೈತಲ್ಲ, ಅದು!”

ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಹಚ್ಚಿದೆ. ಹುಟ್ಟು ಹಾಕುವ ಹಾಡು ಅದು, ಸಾಲಿಗೊಂದು ‘ಹೋ’ ಬರುತ್ತದೆ. ಮೊದಲ ‘ಹೋ’ಗೆ ಯಜಮಾನರು ಹೆದರಿಕೆಯಿಂದ ಕೂಗಿದರು. ಎರಡನೆಯದಕ್ಕೆ ಕಣ್ಣು ತೆರೆದರು. ಸೊಲ್ಲು ಬಂದಾಗ, ನಂಬುತ್ತೀರೋ ಇಲ್ಲವೋ, ನಾರ್ವೆಯ ಮಾತುಗಳನ್ನು ನಮ್ಮ ಕೊಟ್ಟೂರಿನ ಬಾಯಲ್ಲಿ, ಒಂದೂ ತಪ್ಪದಂತೆ ಹಾಡಿದರು! ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೂತು ನನ್ನ ಗುನುಗುವಿಕೆಯನ್ನು ದಿನವೂ ಕೇಳಿ, ತಾವೂ ಫೋನಿನಲ್ಲಿ ಆ ಹಾಡನ್ನು ಗುಟ್ಟಾಗಿ ಹಚ್ಚಿಕೊಂಡು ಬಾಯಿಪಾಠ ಮಾಡಿದ್ದರಂತೆ. ಹರಿಗೋಲಿನವನಿಗೂ ಲಹರಿ ಬಂತು. ‘ಹೋ’ ಬಂದಾಗೊಮ್ಮೆ ಹುಟ್ಟನ್ನು ಒಂದೇ ಬದಿಗೆ ಎಳೆದ. ನಾವು ಬುಗುರಿಯಾದೆವು. ದಂಡೆ, ಬಂಡೆ, ನಾದಿನಿಯ ಹಸಿರು ಸೀರೆ, ಕೆಂಪು ಆಕಾಶ, ಮತ್ತೆ ದಂಡೆ, ಬಂಡೆ, ಹಸಿರು ಸೀರೆ. ಎಲ್ಲರೂ ಹೋ ಎಂದು ಕೂಗುತ್ತಿದ್ದೆವು. ನೀರಿನ ಮೇಲಿನ ಕೊಕ್ಕರೆಗಳೆಲ್ಲ ಎದ್ದುಹೋದವು. ಯಜಮಾನರ ದನಿಯೇ ಎಲ್ಲಕ್ಕಿಂತ ಮೇಲೆ. ಮದುವೆಯಾದಾಗಿನಿಂದ ಅವರ ಆ ದನಿ ನಾನು ಕೇಳಿಯೇ ಇರಲಿಲ್ಲ.

ಇಳಿದ ಮೇಲೆ ಯಾರಿಗೂ ನೆಟ್ಟಗೆ ನಡೆಯಲು ಬರಲಿಲ್ಲ. ಅತ್ತೆ ಮರಳಿನ ಮೇಲೆ ಕೂತುಬಿಟ್ಟರು. ಯಜಮಾನರು ಒಂದು ಕಡೆ ಹೋಗಬೇಕೆಂದು ಹೊರಟು ಇನ್ನೊಂದು ಕಡೆ ಹೋಗಿ, ಕಟ್ಟಿದ ಎಮ್ಮೆಯೊಂದಕ್ಕೆ ಆತುಕೊಂಡು ನಿಂತರು. ಎಮ್ಮೆ ಬೇಸರಪಡಲಿಲ್ಲ.

ಮಾರನೆಯ ದಿನ ಹರಪನಹಳ್ಳಿಯಲ್ಲಿ ಸಂತೆ. ಬೀಗರ ಮನೆಯಿಂದ ಮರಳುವ ದಾರಿಯಲ್ಲೇ ಇರುವುದರಿಂದ ಮೂವರೂ ಅಲ್ಲೇ ಪಾತ್ರೆ ಹರವಿಕೊಂಡು ಕೂತೆವು. ಮೊದಲ ಗಿರಾಕಿ ಬಂದು ಗಂಗಾಳದ ಬೆಲೆ ಕೇಳಿದಳು. ನಾನು ಬಾಯಿ ತೆರೆದೆ, ಹೊಳೆಯಲ್ಲಿ ‘ಹೋ’ ಎಂದು ಕೂಗಿ ಕೆಟ್ಟ ಗಂಟಲಿಂದ ಗಾಳಿ ಮಾತ್ರ ಬಂತು. ಅತ್ತೆಯನ್ನು ನೋಡಿದೆ. ಅವರ ಬಾಯಿಂದಲೂ ಗಾಳಿ. ಯಜಮಾನರು ಗಂಟಲು ಹಿಡಿದುಕೊಂಡು ಕೈಸನ್ನೆ ಮಾಡಿದರು. ಕೊನೆಗೆ ನಾನೇ ಮುಂದೆ ಬಗ್ಗಿ ಆಕೆಯ ಕಿವಿಯಲ್ಲಿ ಬೆಲೆಯನ್ನು ಪಿಸುಗುಟ್ಟಿದೆ.

ಏನೋ ಗುಟ್ಟಿನ ವ್ಯಾಪಾರ ಅಂದುಕೊಂಡಳೋ ಏನೋ, ಆಕೆ ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, “ಸ್ವಲ್ಪ ಕಮ್ಮಿ ಮಾಡಕ್ಕ” ಎಂದು ತಾನೂ ಪಿಸುಗುಟ್ಟಿದಳು. ಅದನ್ನು ಕಂಡು ಹಿಂದೆ ನಿಂತವಳು ಹತ್ತಿರ ಸರಿದು, ಅತ್ತೆಯ ಕಿವಿಯಲ್ಲಿ ಸೌಟು ಐತೇನೆಂದು ಕೇಳಿದಳು. ಅವಳ ಗಂಡ ನಮ್ಮ ಯಜಮಾನರ ಕಿವಿಗೆ ಬಾಯಿಟ್ಟ. ಸುತ್ತಲೂ ಸಂತೆ ಗದ್ದಲ ಮಾಡುತ್ತಿತ್ತು. ನಮ್ಮ ಪಾತ್ರೆಗಳ ಸುತ್ತ ಮಾತ್ರ ಒಂದು ದೊಡ್ಡ ಗುಂಪು ಬಗ್ಗಿಕೊಂಡು, ಒಬ್ಬರ ಕಿವಿಗೊಬ್ಬರು ಬಾಯಿಟ್ಟು, ಕೊಡ, ತಂಬಿಗೆ, ಡಬರಿಗಳ ಬಗ್ಗೆ ಪಿಸಪಿಸ ಚೌಕಾಸಿ ನಡೆಸಿತ್ತು.